ಭಯಾನಕ ಕಾದಂಬರಿಗಳು: ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು?

ಮನುಷ್ಯನು ದುಡ್ಡು ಕೊಟ್ಟು ಕೊಳ್ಳುವ ಪದಾರ್ಥಗಳಲ್ಲಿ ಭಯವೂ ಒಂದು ಎಂಬುದು ವಿಚಾರಮಾಡಿ ನೋಡುವವರಿಗೆ ಸೋಜಿಗವಾಗಿಯೇ ತೋರುವುದು. ಹಗಲೆಲ್ಲ ಸಾಲದ ಭಯ, ಮೇಲಧಿಕಾರಿಯ ಭಯ, ರೋಗದ ಭಯ, ಮಕ್ಕಳ ಪರೀಕ್ಷೆಯ ಭಯ ಇವುಗಳ ನಡುವೆ ಬಸವಳಿದ ಗೃಹಸ್ಥನು, ರಾತ್ರಿ ಊಟವಾದ ಮೇಲೆ ದೀಪದ ಬಳಿಯಲ್ಲಿ ಕುಳಿತು, ತಾನೆಂದೂ ಕಾಣದ ದೇಶದ ಯಾವುದೋ ಕೋಟೆಯೊಳಗಿನ ಪ್ರೇತದ ಭಯವನ್ನು ತನಗೆ ತಾನೇ ಬರಮಾಡಿಕೊಳ್ಳುತ್ತಾನೆ. ಇದನ್ನು ಕೇವಲ ಹುಚ್ಚೆಂದು ತಳ್ಳಿಬಿಡುವ ಹಿರಿಯರುಂಟು. ನಾವು ಆ ಪಕ್ಷದವರಲ್ಲ. ಅಜ್ಜಿಯ ತೊಡೆಯ ಮೇಲೆ ಕುಳಿತು ದೆವ್ವದ ಕತೆಯನ್ನು ಹೇಳೆಂದು ಪೀಡಿಸದ ಬಾಲಕನಿಲ್ಲ. ಶ್ಮಶಾನದಿಂದ ಬೇತಾಳನನ್ನು ಹೆಗಲ ಮೇಲೆ ಹೊತ್ತು ತರುವ ರಾಜನ ಕಥೆಗಳನ್ನು ೧೧ನೆಯ ಶತಮಾನದಲ್ಲಿ ಸೋಮದೇವನು ತನ್ನ ಕಥಾಸರಿತ್ಸಾಗರದಲ್ಲಿ ಸೇರಿಸಿದುದು ಮಕ್ಕಳನ್ನು ಹೆದರಿಸುವುದಕ್ಕಾಗಿ ಮಾತ್ರವೇ ಅಲ್ಲ. ಪ್ರತಿಯೊಂದು ಕಥೆಯ ತುದಿಯಲ್ಲಿಯೂ ಬೇತಾಳನು ನ್ಯಾಯಾನ್ಯಾಯದ ಒಂದು ಪ್ರಶ್ನೆಯನ್ನು ಕೇಳುತ್ತಾನಷ್ಟೆ!

ಆದುದರಿಂದ ಭಯಾನಕ ಕಾದಂಬರಿಗಳನ್ನು ಓದಬಹುದೇ ಎಂಬುದು ನಮ್ಮ ಪ್ರಶ್ನೆಯಲ್ಲ. ಅವುಗಳಲ್ಲಿ ಯಾವುದನ್ನು ಓದಬೇಕು ಎಂಬುದೇ ಪ್ರಶ್ನೆ. ಇಂದು ಪುಸ್ತಕದಂಗಡಿಗಳಲ್ಲಿ ಈ ಜಾತಿಯ ಪುಸ್ತಕಗಳು ರಾಶಿಯಾಗಿ ಬಿದ್ದಿರುತ್ತವೆ. ಎಲ್ಲಕ್ಕೂ ಕಪ್ಪು ಹೊದಿಕೆ, ಎಲ್ಲದರ ಮೇಲೆಯೂ ಕೆಂಪು ಅಕ್ಷರ, ಎಲ್ಲದರ ಬೆನ್ನಿನ ಮೇಲೆಯೂ ಒಂದೇ ತೆರನಾದ ಹೊಗಳಿಕೆ. ಇವುಗಳಲ್ಲಿ ರತ್ನವೂ ಉಂಟು, ಗಾಜಿನ ಚೂರೂ ಉಂಟು. ವಿಷವೂ ಇಲ್ಲದೆ ಇಲ್ಲ. ಮಿತವಾದ ಸಂಬಳದಲ್ಲಿ ಪುಸ್ತಕ ಕೊಳ್ಳುವ ವಾಚಕ ಮಹಾಶಯರಿಗೆ ದುಡ್ಡೂ ವ್ಯರ್ಥವಾಗಬಾರದು, ನಿದ್ರೆಯೂ ವ್ಯರ್ಥವಾಗಿ ಕೆಡಬಾರದು ಎಂಬ ಉದ್ದೇಶದಿಂದ ನಾವು ಈ ನಾಲ್ಕು ಮಾತುಗಳನ್ನು ಬರೆಯಲುದ್ಯುಕ್ತರಾಗಿದ್ದೇವೆ.

ಅಳತೆಗೋಲು

ಒಂದು ಅಳತೆಗೋಲಿಲ್ಲದೆ ಹೆಚ್ಚು ಕಡಿಮೆಗಳನ್ನು ನಿರ್ಣಯಿಸಲಾಗದು. ಅದಕ್ಕಾಗಿ ನಾವು ಬಹು ದೂರ ಹೋಗಬೇಕಾದುದಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳುವಾಗ ಭಯಾನಕವನ್ನೂ ಬೀಭತ್ಸವನ್ನೂ ಬೇರೆಬೇರೆಯಾಗಿ ಎಣಿಸಿದೆ. ಭಯಾನಕಕ್ಕೆ ಭಯವೇ ಸ್ಥಾಯಿ, ಬೀಭತ್ಸಕ್ಕೆ ಜುಗುಪ್ಸೆಯೇ ಸ್ಥಾಯಿ. ರಕ್ತ, ಕೊಳೆತ ಹೆಣ, ಹರಿದ ಕರುಳು ಇವುಗಳನ್ನು ವರ್ಣಿಸಿ ಓದುವವನ ಮುಖವನ್ನು ಕಿವಿಚುವಂತೆ ಮಾಡುವುದು ಒಂದು ಕೆಲಸ. ಬಾಗಿಲಿನ ಆಚೆ ಏನಿರಬಹುದೆಂದು ಅವನ ಉಸಿರನ್ನು ಹಿಡಿದು ನಿಲ್ಲಿಸುವುದು ಬೇರೊಂದು ಕೆಲಸ. ಮೊದಲನೆಯದಕ್ಕೆ ಕಸಾಯಿಖಾನೆಯ ಪರಿಚಯವಿದ್ದರೆ ಸಾಕು, ಎರಡನೆಯದಕ್ಕೆ ಮನುಷ್ಯನ ಮನಸ್ಸಿನ ಪರಿಚಯ ಬೇಕು. ಇಂಗ್ಲಿಷ್ ಭಯಾನಕ ಕಾದಂಬರಿಯ ಆದಿಕಾಲದ ಲೇಖಕಿಯಾದ ಆನ್ ರ‍್ಯಾಡ್‌ಕ್ಲಿಫ್ ಎಂಬಾಕೆಯೂ ಬಹುಮಟ್ಟಿಗೆ ಈ ಭೇದವನ್ನೇ ಕಂಡುಕೊಂಡಿದ್ದಳು. ಒಂದು ತೆರನಾದ ಭಯವು ಆತ್ಮವನ್ನು ವಿಸ್ತರಿಸಿ ಶಕ್ತಿಗಳನ್ನೆಲ್ಲ ಎಚ್ಚರಗೊಳಿಸುವುದೆಂದೂ, ಇನ್ನೊಂದು ಅದನ್ನು ಸಂಕೋಚಗೊಳಿಸಿ ಮರಗಟ್ಟಿಸುವುದೆಂದೂ ಆಕೆಯ ಮರಣಾನಂತರ ೧೮೨೬ರಲ್ಲಿ ಪ್ರಕಟವಾದ ಲೇಖನದಲ್ಲಿದೆ.

ಭರತನು ಇಷ್ಟಕ್ಕೇ ನಿಲ್ಲದೆ ಭಯಾನಕದಲ್ಲಿಯೇ ಮೂರು ಭೇದಗಳನ್ನು ಮಾಡಿದ್ದಾನೆ: ವ್ಯಾಜದಿಂದ ಹುಟ್ಟಿದುದು, ಅಪರಾಧದಿಂದ ಹುಟ್ಟಿದುದು, ವಿತ್ರಾಸದಿಂದ ಹುಟ್ಟಿದುದು. ಎಂದರೆ ಹುಸಿಯಾದ ಭಯ, ಮಾಡಿದ ತಪ್ಪಿನ ಭಯ, ಹೊರಗಿನಿಂದ ಬಂದೆರಗುವ ವಿಪತ್ತಿನ ಭಯ. ಈ ವಿಭಾಗವು ನಾಟ್ಯಕ್ಕಾಗಿ ಹುಟ್ಟಿದುದು ನಿಜ. ಆದರೆ ನಾವು ಅದನ್ನು ಕಾದಂಬರಿಗಳಿಗೆ ಎರವಾಗಿ ತೆಗೆದುಕೊಂಡರೆ ಅಂಗಡಿಯ ಆ ರಾಶಿಯೆಲ್ಲವೂ ತನ್ನಷ್ಟಕ್ಕೆ ತಾನೇ ಮೂರು ಪಾಲಾಗಿ ನಿಲ್ಲುವುದು.

ಹುಸಿಯಾದ ಭಯ

ಈ ವಂಶದ ಮೂಲಪುರುಷನೆಂದರೆ ಹೊರೇಸ್ ವಾಲ್ಪೋಲನ ‘ಕ್ಯಾಸಲ್ ಆಫ್ ಒಟ್ರಾಂಟೊ’. ೧೭೬೪ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಪುಸ್ತಕವನ್ನು ಗ್ರಂಥಕರ್ತನು ತನ್ನ ಹೆಸರಿನಿಂದ ಹೊರಡಿಸಲಿಲ್ಲ. ೧೫೨೯ರಲ್ಲಿ ನೇಪಲ್ಸ್ ನಗರದಲ್ಲಿ ಅಚ್ಚಾದ ಹಳೆಯ ಇಟಲಿಯ ಗ್ರಂಥದ ಭಾಷಾಂತರವಿದೆಂದು ಜನರನ್ನು ನಂಬಿಸಿ, ಮೆಚ್ಚಿಕೆ ಬಂದ ಮೇಲೆ ಎರಡನೆಯ ಮುದ್ರಣದಲ್ಲಿ ನಿಜವನ್ನು ಹೊರಗೆಡಹಿದನು. ವಿವಾಹದ ದಿನದಲ್ಲಿಯೇ ಆಕಾಶದಿಂದ ಬಿದ್ದ ಬೃಹದಾಕಾರದ ಶಿರಸ್ತ್ರಾಣದ ಕೆಳಗೆ ಮದುಮಗನು ಜಜ್ಜಿಹೋಗುವುದರಿಂದ ಕಥೆಯು ಆರಂಭವಾಗುತ್ತದೆ. ಇಂದಿನ ವಾಚಕನಿಗೆ ಇಲ್ಲಿ ನಡುಕಕ್ಕಿಂತ ನಗೆಯೇ ಹೆಚ್ಚಾಗಿ ಬಂದೀತು. ಈ ಸಾಹಿತ್ಯದ ಚರಿತ್ರೆಯನ್ನು ತಿಳಿಯಬೇಕೆನ್ನುವವರು ಓದಲಿ, ಉಳಿದವರು ಹೆಸರನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಮೇಲೆ ಹೇಳಿದ ರ‍್ಯಾಡ್‌ಕ್ಲಿಫಳ ‘ಮಿಸ್ಟರೀಸ್ ಆಫ್ ಯುಡಾಲ್ಫೊ’ ೧೭೯೪ರಲ್ಲಿ ಬಂದಿತು. ಪ್ರಕಾಶಕರು ಅದಕ್ಕಾಗಿ ಆಕೆಗೆ ೫೦೦ ಪೌಂಡುಗಳನ್ನು ಕೊಟ್ಟರೆಂದರೆ ಆ ಕಾಲದಲ್ಲಿ ಈ ಸರಕಿಗಿದ್ದ ಗಿರಾಕಿಯನ್ನು ಊಹಿಸಬಹುದು. ಅನಾಥೆಯಾದ ಕನ್ಯೆ, ಪರ್ವತದ ಮೇಲಣ ಕೋಟೆ, ಕ್ರೂರಿಯಾದ ಯಜಮಾನ, ಕರಿಯ ತೆರೆಯ ಹಿಂದೆ ಏನೋ ಒಂದು ವಸ್ತು. ಹೀಗೆ ನೂರಾರು ಪುಟಗಳು ಸಾಗುತ್ತವೆ. ಆದರೆ ಕೊನೆಯಲ್ಲಿ ಎಲ್ಲ ಭೂತಗಳಿಗೂ ಲೌಕಿಕವಾದ ಕಾರಣಗಳು ಹೊರಬರುತ್ತವೆ. ಹಗ್ಗವನ್ನು ಹಾವೆಂದು ತೋರಿಸಿ ಬಳಿಕ ದೀಪ ತರುವ ಜಾಣ್ಮೆಯಿದು. ಬಿಡುವು ಬಹಳವಾಗಿರುವ, ಪ್ರಕೃತಿವರ್ಣನೆಯಲ್ಲಿ ಆದರವುಳ್ಳ ನಿವೃತ್ತ ಅಧಿಕಾರಿಗಳಿಗೆ ಇದು ಒಪ್ಪುವ ಗ್ರಂಥ, ಆತುರದವರಿಗಲ್ಲ.

ಇಂಥ ಪುಸ್ತಕಗಳ ಅತಿಯಾದ ಓದಿನಿಂದಾಗುವ ಫಲವನ್ನು ಕಾಣಬೇಕೆನ್ನುವವರು ಜೇನ್ ಆಸ್ಟಿನಳ ‘ನಾರ್ಥ್ಯಾಂಗರ್ ಆ್ಯಬಿ’ಯನ್ನು ಅವಶ್ಯವಾಗಿ ಓದಬೇಕು. ಅವಳು ತೀರಿಕೊಂಡ ೧೮೧೭ರ ಕೊನೆಯಲ್ಲಿ ಹೊರಬಂದ ಈ ಕಾದಂಬರಿಯ ನಾಯಿಕೆಯು ಸ್ನೇಹಿತರ ಮನೆಯನ್ನೇ ಭೂತಗೃಹವೆಂದು ಬಗೆದು, ನಡುರಾತ್ರಿಯಲ್ಲಿ ಹಳೆಯ ಬೀರುವಿನಿಂದ ರಹಸ್ಯಪತ್ರವೊಂದನ್ನು ತೆಗೆಯುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಅದು ಅಗಸರ ಲೆಕ್ಕದ ಚೀಟಿ! ಇದರಲ್ಲಿ ಹೆಸರಿಸಲ್ಪಟ್ಟ ಏಳು ಭೀಕರ ಕಾದಂಬರಿಗಳು ಆಸ್ಟಿನಳ ಕಲ್ಪನೆಯೆಂದೇ ಬಹುಕಾಲ ಅನೇಕರು ತಿಳಿದಿದ್ದರು; ಅವೆಲ್ಲವೂ ನಿಜವಾಗಿಯೇ ಅಚ್ಚಾದ ಪುಸ್ತಕಗಳೆಂದು ೨೦ನೆಯ ಶತಮಾನದ ವಿದ್ವಾಂಸರು ಕಂಡುಹಿಡಿದರು. ಅಂದು ಮಾರುಕಟ್ಟೆಯನ್ನು ತುಂಬಿದ್ದ ಆ ಏಳರ ಹೆಸರುಗಳೂ ಇಂದು ವಿನೋದದ ಪುಸ್ತಕವೊಂದರ ಕೃಪೆಯಿಂದ ಉಳಿದುಕೊಂಡಿವೆ.

ಹೊರಗಿನ ವಿಪತ್ತಿನ ಭಯ

ಎರಡನೆಯ ಪಾಲಿನಲ್ಲಿ ಅಗ್ರಸ್ಥಾನವು ಬ್ರಾಮ್ ಸ್ಟೋಕರನ ‘ಡ್ರಾಕುಲಾ’ಕ್ಕೆ ಸಲ್ಲಬೇಕು. ಲಂಡನ್ನಿನ ನಾಟಕಶಾಲೆಯೊಂದರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಈತನು ೧೮೯೭ರಲ್ಲಿ ಇದನ್ನು ಪ್ರಕಟಿಸಿದನು. ಗ್ರಂಥವೆಲ್ಲವೂ ದಿನಚರಿ, ಪತ್ರ, ತಂತಿ, ವೃತ್ತಪತ್ರಿಕೆಯ ತುಣುಕು ಇವುಗಳಿಂದಲೇ ಕೂಡಿದುದು. ಕಚೇರಿಯ ಕಡತಗಳನ್ನು ಓದಿ ಬಲ್ಲವರಿಗೆ ಈ ಕ್ರಮದ ಬಲವು ಕೂಡಲೇ ತಿಳಿಯುವುದು. ಲೇಖಕನು ಎಲ್ಲಿಯೂ ತಾನಾಗಿ ಬಂದು ‘ನಂಬಿರಿ’ ಎನ್ನುವುದಿಲ್ಲ. ದಾಖಲೆಗಳನ್ನು ಮುಂದಿಟ್ಟು ಸುಮ್ಮನಾಗುತ್ತಾನೆ. ಜಮೀನಿನ ಕ್ರಯದ ಕಾಗದಪತ್ರಗಳನ್ನು ಹೊತ್ತು ಟ್ರಾನ್ಸಿಲ್ವೇನಿಯದ ಪರ್ವತಗಳಿಗೆ ಹೋಗುವ ತರುಣ ವಕೀಲನು ಆ ಕೋಟೆಯಲ್ಲಿ ಕಳೆದ ದಿನಗಳನ್ನು ಹೇಳುವ ಮೊದಲಿನ ನಾಲ್ಕು ಅಧ್ಯಾಯಗಳಿಗೆ ಸಮನಾದುದು ಈ ಸಾಹಿತ್ಯದಲ್ಲಿ ವಿರಳ. ಆತಿಥ್ಯವು ಸೆರೆಯಾಗುವ ಬಗೆಯನ್ನು ಅಲ್ಲಿ ನೋಡಬೇಕು. ಮಧ್ಯಭಾಗದಲ್ಲಿ ಮಾತ್ರ ವೈದ್ಯ ಮಹಾಶಯನ ಉಪನ್ಯಾಸಗಳು ಬೆಳೆದು ಕಥೆಯು ಸಡಿಲವಾಗುತ್ತದೆ. ಅಲ್ಲಿ ತಾಳ್ಮೆಗೆಡದೆ ಮುಂದುವರಿಯುವವರಿಗೆ ನಷ್ಟವಿಲ್ಲ.

ಇದರ ಪಕ್ಕದಲ್ಲಿ, ಆದರೆ ಮೂರನೆಯ ಪಾಲಿನ ಗಡಿಯಲ್ಲಿ, ಎರಡು ಪುಸ್ತಕಗಳಿವೆ. ಹೆನ್ರಿ ಜೇಮ್ಸನ ‘ಟರ್ನ್ ಆಫ್ ದ ಸ್ಕ್ರೂ’ (೧೮೯೮) ಹಳ್ಳಿಯ ಬಂಗಲೆಯೊಂದರಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಉಪಾಧ್ಯಾಯಿನಿಯ ವೃತ್ತಾಂತ. ಅವಳು ಕಂಡ ಪ್ರೇತಗಳು ಅಲ್ಲಿ ಇದ್ದುವೇ, ಅವಳ ಮನಸ್ಸಿನಲ್ಲಿ ಮಾತ್ರ ಇದ್ದುವೇ ಎಂಬ ವಾದವು ಇನ್ನೂ ಮುಗಿದಿಲ್ಲ. ವಾಕ್ಯಗಳು ಜಟಿಲ, ಇಂಗ್ಲಿಷಿನಲ್ಲಿ ಒಳ್ಳೆಯ ಅಭ್ಯಾಸವಿಲ್ಲದವರು ಇದರಿಂದ ಆರಂಭಿಸಬಾರದು. ಅಮೆರಿಕದ ಶರ್ಲಿ ಜಾಕ್ಸನ್ ೧೯೫೯ರಲ್ಲಿ ಬರೆದ ‘ಹಾಂಟಿಂಗ್ ಆಫ್ ಹಿಲ್ ಹೌಸ್’ ಭಾಷೆಯಲ್ಲಿ ಸರಳ, ಭಾವದಲ್ಲಿ ಗಂಭೀರ. ರೋಗಿಯಾದ ತಾಯಿಯ ಸೇವೆಯಲ್ಲಿಯೇ ಯೌವನವನ್ನು ಕಳೆದು, ತನ್ನದೆಂಬ ಮನೆಯಿಲ್ಲದ ಹೆಂಗಸೊಬ್ಬಳು ಭೂತಗೃಹವನ್ನು ಪರೀಕ್ಷಿಸುವ ಮಂಡಲಿಯೊಡನೆ ಅಲ್ಲಿಗೆ ಬರುತ್ತಾಳೆ. ಗೋಡೆಯ ಸದ್ದಿಗಿಂತ ಅವಳ ಏಕಾಂಗಿತನವೇ ಓದುವವನನ್ನು ಹೆಚ್ಚಾಗಿ ಕಲಕುತ್ತದೆ. ಇಲ್ಲಿ ರಕ್ತದ ವರ್ಣನೆ ಇಲ್ಲವೆಂದರೂ ಸಲ್ಲುವುದು. ಭಯಕ್ಕೆ ಮಾತ್ರ ಕೊರತೆಯಿಲ್ಲ.

ಅಪರಾಧದ ಭಯ

ಈಗ ಮೂರನೆಯ ಪಾಲಿಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಭಯಾನಕ ಸಾಹಿತ್ಯದ ಸಾರವಿರುವುದು ಇಲ್ಲಿಯೇ. ಕನ್ನಡಿಗರಿಗೆ ಇದು ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳನ್ನು ತುಳಿಯುತ್ತ ಕುರುಕ್ಷೇತ್ರದಲ್ಲಿ ನಡೆಯುವ ಭಾಗವನ್ನು ಓದಿದವರು ಬಲ್ಲರು. ಅಲ್ಲಿ ಮರುಳುಗಳಿವೆ, ರಕ್ತದ ಮಡುಗಳಿವೆ. ಆದರೆ ಕೂದಲು ನೆಟ್ಟಗಾಗುವುದು ಮರುಳುಗಳನ್ನು ಕಂಡಲ್ಲ. ದ್ರೋಣ, ಕರ್ಣ, ದುಶ್ಶಾಸನ, ಸ್ವಂತ ಮಗ ಇವರ ಶವಗಳ ಮುಂದೆ ಅವರ ಮರಣಕ್ಕೆ ತಾನೇ ಕಾರಣನಾದ ಅರಸನು ನಿಂತುದನ್ನು ಕಂಡು.

ಈ ದೃಷ್ಟಿಯಿಂದ ನೋಡಿದರೆ ಮೇರಿ ಶೆಲ್ಲಿಯ ‘ಫ್ರ್ಯಾಂಕೆನ್‌ಸ್ಟೈನ್’ ಎಲ್ಲ ಆಧುನಿಕ ಭಯಾನಕ ಕಾದಂಬರಿಗಳ ಹಿರಿಯಕ್ಕನಾಗಿದೆ. ೧೮೧೫ರಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವ ದ್ವೀಪದ ತಂಬೋರ ಜ್ವಾಲಾಮುಖಿಯು ಸಿಡಿದು, ಅದರ ಪರಿಣಾಮವಾಗಿ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬಾರದಂತಾಯಿತು. ಆ ೧೮೧೬ರ ಮಳೆಗಾಳಿಗಳಲ್ಲಿ ಜಿನೀವ ಸರೋವರದ ತೀರದ ಮನೆಯಲ್ಲಿ ಕುಳಿತ ಕವಿ ಬೈರನ್ನನು ಎಲ್ಲರೂ ಒಂದೊಂದು ಪ್ರೇತಕಥೆಯನ್ನು ಬರೆಯಬೇಕೆಂದು ಸೂಚಿಸಿದನು. ಹದಿನೆಂಟು ವರ್ಷದ ಮೇರಿಯು ಆರಂಭಿಸಿದ ಕಥೆಯು ೧೮೧೮ರ ಜನವರಿಯಲ್ಲಿ ಕರ್ತೃವಿನ ಹೆಸರಿಲ್ಲದೆ ಹೊರಬಂದಿತು. ಫ್ರ್ಯಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೆಂದು ಬಹುಜನರು ತಿಳಿದಿದ್ದಾರೆ. ಅದು ಅವನನ್ನು ನಿರ್ಮಿಸಿದ ವಿದ್ಯಾರ್ಥಿಯ ಹೆಸರು. ಆ ಜೀವಿಗೆ ಹೆಸರೇ ಇಲ್ಲ. ಹುಟ್ಟಿಸಿದವನು ಹೆಸರನ್ನು ಕೂಡ ಇಡದೆ, ಕುರೂಪವನ್ನು ಕಂಡು ಮೊದಲ ರಾತ್ರಿಯೇ ಓಡಿಹೋದನು. ಅನಂತರ ಆಗುವ ಕೊಲೆಗಳೆಲ್ಲಕ್ಕೂ ಬೀಜವು ಆ ಓಟದಲ್ಲಿದೆ. ತಾನು ನಿರ್ಮಿಸಿದುದರ ಹೊಣೆಯನ್ನು ಹೊರಲಾರದವನ ಕಥೆಯಿದು. ತಂದೆಗೂ, ಯಂತ್ರವನ್ನು ಕಟ್ಟುವವನಿಗೂ, ಶಾಸನವನ್ನು ಬರೆಯುವವನಿಗೂ ಇದು ಒಪ್ಪುತ್ತದೆ. ಲೇಖಕಿಯು ೧೮೩೧ರಲ್ಲಿ ಗ್ರಂಥವನ್ನು ತಿದ್ದಿದಾಗ ವಿಧಿಯ ಪಾತ್ರವನ್ನು ಹೆಚ್ಚಿಸಿದಳು. ಅಪರಾಧದ ತೂಕವು ಪೂರ್ಣವಾಗಿ ತಿಳಿಯಬೇಕಾದರೆ ೧೮೧೮ರ ಪಾಠವನ್ನೇ ಕೇಳಿ ಕೊಳ್ಳಬೇಕು.

ಸ್ಟೀವನ್‌ಸನ್ನನ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ (೧೮೮೬) ಹತ್ತೇ ಅಧ್ಯಾಯಗಳ ಚಿಕ್ಕ ಪುಸ್ತಕ; ರವಿವಾರದ ಒಂದು ಮಧ್ಯಾಹ್ನ ಸಾಕು. ಊರಿನಲ್ಲಿ ಮಾನ್ಯನಾದ ವೈದ್ಯನು ಮಾನಕ್ಕೆ ಹಾನಿಯಾಗದಂತೆ ನೀಚನಾಗುವ ಉಪಾಯವನ್ನು ಹುಡುಕುತ್ತಾನೆ. ಇದರ ಗುಟ್ಟು ಇಂದು ಎಲ್ಲರಿಗೂ ತಿಳಿದುದೇ ಆದರೂ ರುಚಿ ಕೆಟ್ಟಿಲ್ಲ. ಮರ್ಯಾದಸ್ಥರೆಂದು ಹೆಸರಾದ ನಮ್ಮಂಥ ಪಟ್ಟಣವಾಸಿಗಳಿಗೆ ಇದಕ್ಕಿಂತ ಹತ್ತಿರದ ಕಥೆ ಬೇರೊಂದಿಲ್ಲ.

ಇತ್ತೀಚಿನವರಲ್ಲಿ ಸ್ಟೀಫನ್ ಕಿಂಗನ ಹೆಸರನ್ನು ಕೇಳದವರಿಲ್ಲ. ಆತನು ಬರೆದ ರಾಶಿಯಲ್ಲಿ ಒಂದನ್ನೇ ಆರಿಸೆಂದರೆ ನಾವು ೧೯೭೭ರ ‘ದ ಶೈನಿಂಗ್’ ಎಂಬುದನ್ನು ಕೈಗೆತ್ತಿಕೊಳ್ಳುವೆವು. ಕುಡಿತದ ಚಟದಿಂದಲೂ ಮುಂಗೋಪದಿಂದಲೂ ಕೆಲಸವನ್ನು ಕಳೆದುಕೊಂಡ ಉಪಾಧ್ಯಾಯನೊಬ್ಬನು, ಹಿಮದಿಂದ ಮುಚ್ಚಿಹೋಗುವ ಪರ್ವತದ ಹೋಟೆಲೊಂದನ್ನು ಚಳಿಗಾಲದಲ್ಲಿ ಕಾಯಲು ಹೆಂಡತಿಯನ್ನೂ ಐದು ವರ್ಷದ ಮಗನನ್ನೂ ಕರೆದುಕೊಂಡು ಹೋಗುತ್ತಾನೆ. ಹೋಟೆಲಿನಲ್ಲಿ ಪಿಶಾಚಿಗಳಿವೆ, ಆದರೆ ಮಗುವು ನಡುಗುವುದು ತಂದೆಯ ಹೆಜ್ಜೆಯ ಸದ್ದಿಗೆ. ಕುಡುಕನ ಮನೆಯ ಮಗುವಿನ ಮನಸ್ಸನ್ನು ಇಷ್ಟು ಚೆನ್ನಾಗಿ ಹೊಕ್ಕು ಹೇಳಿದ ಗ್ರಂಥಗಳು ಕಡಿಮೆ. ೧೯೮೦ರ ಚಲಚ್ಚಿತ್ರವನ್ನು ನೋಡಿದವರು ಪುಸ್ತಕವನ್ನು ಓದಿದಂತಾಯಿತೆಂದು ಭಾವಿಸಬಾರದು. ಆ ಚಿತ್ರವು ಗ್ರಂಥಕರ್ತನಿಗೇ ಒಪ್ಪಿಗೆಯಾಗಲಿಲ್ಲ.

ಈ ಪಾಲಿನ ಶಿಖರವಾಗಿ ಟೋನಿ ಮಾರಿಸನ್‌ರ ‘ಬಿಲವೆಡ್’ (೧೯೮೭) ಎಂಬುದನ್ನು ಹೇಳುತ್ತೇವೆ. ಇದನ್ನು ಭಯಾನಕ ಕಾದಂಬರಿಯೆಂದು ಕರೆಯುವುದಕ್ಕೆ ಕೆಲವರು ಒಪ್ಪಲಾರರು. ಮನೆಯಲ್ಲಿ ಸತ್ತ ಮಗುವಿನ ಪ್ರೇತವಿರುವಾಗ ಬೇರೆ ಏನೆಂದು ಕರೆಯಬೇಕು? ೧೮೫೬ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಕೆಂಟಕಿಯಿಂದ ಒಹಾಯೊ ಪ್ರಾಂತಕ್ಕೆ ತಪ್ಪಿಸಿಕೊಂಡು ಬಂದು, ಹಿಡಿಯುವವರು ಬಾಗಿಲಿಗೆ ಬಂದಾಗ, ಮಗಳು ಮತ್ತೆ ಗುಲಾಮಳಾಗಬಾರದೆಂದು ಅವಳನ್ನು ತನ್ನ ಕೈಯಿಂದಲೇ ಕೊಂದಳು. ಆ ನಿಜವಾದ ಘಟನೆಯಿಂದ ಈ ಕಥೆಯು ಹುಟ್ಟಿದೆ. ಇಲ್ಲಿ ಅಪರಾಧವು ತಾಯಿಯದೋ, ಅವಳನ್ನು ಆ ಸ್ಥಿತಿಗೆ ತಂದ ರಾಷ್ಟ್ರದ್ದೋ ಎಂದು ಪ್ರೇತವೇ ಕೇಳುವಂತಿದೆ. ಗ್ರಂಥಕ್ಕೆ ೧೯೮೮ರಲ್ಲಿ ಪುಲಿಟ್ಜರ್ ಬಹುಮಾನವೂ, ಗ್ರಂಥಕರ್ತ್ರಿಗೆ ೧೯೯೩ರಲ್ಲಿ ನೊಬೆಲ್ ಬಹುಮಾನವೂ ಸಂದುವು. ಓದು ಸುಲಭವಲ್ಲ, ಕಾಲವು ಹಿಂದುಮುಂದಾಗಿ ಹರಿಯುತ್ತದೆ. ಎರಡು ಸಲ ಓದುವ ಸಂಕಲ್ಪವಿದ್ದವರು ಕೊಳ್ಳಲಿ.

ಬೆರಳು ಯಾರ ಕಡೆಗೆ?

ಇಷ್ಟು ವಿಂಗಡಿಸಿದ ಮೇಲೆ ನಾವು ಮುಖ್ಯವೆಂದು ಬಗೆಯುವ ಒಂದು ವಿಷಯವನ್ನು ಹೇಳಬೇಕಾಗಿದೆ. ಭಯವು ಪುಸ್ತಕದಲ್ಲಿ ಹುಟ್ಟಿದರೂ ಪುಸ್ತಕದಲ್ಲಿಯೇ ಉಳಿಯುವ ವಸ್ತುವಲ್ಲ. ಹೆದರಿದ ಮನುಷ್ಯನು ಯಾರನ್ನಾದರೂ ದೂರಲೇಬೇಕು. ಕಥೆಯು ಅವನ ಬೆರಳನ್ನು ಯಾರ ಕಡೆಗೆ ತಿರುಗಿಸುತ್ತದೆಂಬುದನ್ನು ನೋಡಿರಿ. ಜೆಕಿಲನ ಕಥೆಯು ಓದುವವನ ಎದೆಯ ಕಡೆಗೇ ತಿರುಗಿಸುತ್ತದೆ. ‘ಡ್ರಾಕುಲಾ’ವು ಎಷ್ಟೇ ಸೊಗಸಾಗಿದ್ದರೂ, ಪೂರ್ವದಿಕ್ಕಿನಿಂದ ಬಂದ ಪರದೇಶದವನು ನಮ್ಮ ಹೆಣ್ಣುಗಳನ್ನು ಕೆಡಿಸುತ್ತಾನೆಂಬ ಅಂದಿನ ಲಂಡನ್ನಿನ ಅಳುಕನ್ನು ಒಳಗಿಟ್ಟುಕೊಂಡಿದೆ. ಡಬ್ಲ್ಯು. ಡಬ್ಲ್ಯು. ಜೇಕಬ್ಸನ ೧೯೦೨ರ ಪ್ರಸಿದ್ಧ ಕಿರುಗತೆಯಲ್ಲಿ ಇಂಗ್ಲಿಷ್ ಸಂಸಾರವನ್ನು ಹಾಳುಮಾಡುವ ಕೋತಿಯ ಪಂಜಕ್ಕೆ ಮಂತ್ರ ಹಾಕಿದವನು ಹಿಂದೂಸ್ಥಾನದ ಫಕೀರನೇ ಆಗಿದ್ದಾನೆ. ಕಥೆಯು ಚೆನ್ನಾಗಿದೆ, ಓದಬೇಕು. ಆದರೆ ಆಳುವವರ ಕಥೆಗಳಲ್ಲಿ ಆಳಿಸಿಕೊಳ್ಳುವವರ ನಾಡು ಶಾಪದ ಉಗ್ರಾಣವಾಗುವುದು ಹೇಗೆಂಬುದನ್ನೂ ಗಮನಿಸಿ ಓದಬೇಕು.

ಈ ಎಚ್ಚರಿಕೆಯು ಪರದೇಶದ ಪುಸ್ತಕಗಳಿಗೆ ಮಾತ್ರ ಮೀಸಲಲ್ಲ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯು ‘ತುಳಸಿದಳ’ವಾಗಿ ಕನ್ನಡಕ್ಕೆ ಬಂದಿತು, ೧೯೮೫ರಲ್ಲಿ ಕನ್ನಡದ ಚಲಚ್ಚಿತ್ರವೂ ಆಯಿತು. ಪುಟ್ಟ ಬಾಲಿಕೆಯ ಮೇಲೆ ನಡೆಯುವ ಕ್ಷುದ್ರಪ್ರಯೋಗದ ಕಥೆಯದು. ಕೈಗೆತ್ತಿಕೊಂಡ ಪುಸ್ತಕವನ್ನು ಕೆಳಗಿಡದಂತೆ ಮಾಡುವ ಶಕ್ತಿ ಆ ಲೇಖಕರಿಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕಥೆಯನ್ನು ಕಥೆಯೆಂದು ಓದುವ ವಿವೇಕಿಗೆ ಅದರಿಂದ ಹಾನಿಯಿಲ್ಲ. ಆದರೆ ಮಾಟ, ಬಾನಾಮತಿ ಎಂಬ ಮಾತಿನಿಂದಲೇ ನೆರೆಮನೆಯ ಮುದುಕಿಯನ್ನೂ ವಿಧವೆಯನ್ನೂ ಸಂಶಯದಿಂದ ನೋಡುವ ಜನರು ಇನ್ನೂ ನಮ್ಮ ನಡುವೆ ಇದ್ದಾರೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕದ ಶಾಸನಸಭೆಯು ೨೦೧೭ರಲ್ಲಿ ಕಾನೂನನ್ನೇ ಮಾಡಬೇಕಾಯಿತೆಂಬುದನ್ನು ವಾಚಕರು ಮರೆಯಬಾರದು. ಇಂಥ ನಾಡಿನಲ್ಲಿ ಮಾಟದ ಕಾದಂಬರಿಯನ್ನು ಮಕ್ಕಳ ಕೈಗೆ ಕೊಡುವ ಹಿರಿಯರು, ‘ಇದು ಕಲ್ಪನೆ’ ಎಂಬ ಒಂದು ಮಾತನ್ನು ಜೊತೆಯಲ್ಲಿ ಕೊಡುವುದು ಕರ್ತವ್ಯವಾಗಿದೆ. ಓದಿದ ಮೇಲೆ ಯಾವ ಪುಸ್ತಕವು ನಿರಪರಾಧಿಯೊಬ್ಬನ ಮೇಲೆ ನಮ್ಮ ದ್ವೇಷವನ್ನು ಹೆಚ್ಚಿಸುತ್ತದೆಯೋ ಅದು ಎಷ್ಟೇ ಚೆನ್ನಾಗಿ ಹೆದರಿಸಿದರೂ ಕೆಟ್ಟ ಪುಸ್ತಕವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಕೊಳ್ಳುವವರಿಗೆ ಕೆಲವು ಸೂಚನೆಗಳು

ಅಂಗಡಿಯಲ್ಲಿ ನಿಂತಾಗ ಹೊದಿಕೆಯನ್ನು ಬಿಟ್ಟು ಮೊದಲ ಹತ್ತು ಪುಟಗಳನ್ನು ಓದಿರಿ. ಅಷ್ಟರಲ್ಲಿಯೇ ಮೂರು ಹೆಣಗಳು ಬಿದ್ದಿದ್ದು ಸತ್ತವರಲ್ಲಿ ಒಬ್ಬನ ಪರಿಚಯವೂ ನಿಮಗಾಗದಿದ್ದರೆ ಪುಸ್ತಕವನ್ನು ಅಲ್ಲಿಯೇ ಇಡಿರಿ. ಪರಿಚಯವಿಲ್ಲದವರ ಮರಣದಿಂದ ಜುಗುಪ್ಸೆ ಹುಟ್ಟಬಹುದೇ ಹೊರತು ಭಯವಾಗಲಿ ಕರುಣೆಯಾಗಲಿ ಹುಟ್ಟಲಾರದು.

ಹೊಸದಾಗಿ ಆರಂಭಿಸುವವರು ಜೆಕಿಲನ ಕಥೆಯಿಂದ ತೊಡಗಲಿ. ಕಾಲೇಜಿನ ವಿದ್ಯಾರ್ಥಿಗಳಿಗೆ ಫ್ರ್ಯಾಂಕೆನ್‌ಸ್ಟೈನ್ ಇರಲಿ. ರೈಲಿನ ದೂರ ಪ್ರಯಾಣಕ್ಕೆ ಡ್ರಾಕುಲಾ ಒಳ್ಳೆಯ ಸಂಗಾತಿ. ಸ್ಟೋಕರ್, ಸ್ಟೀವನ್‌ಸನ್, ಶೆಲ್ಲಿ ಇವರ ಗ್ರಂಥಗಳಿಗೆ ಗ್ರಂಥಸ್ವಾಮ್ಯವು ಕಳೆದುಹೋಗಿರುವುದರಿಂದ ಅಗ್ಗದ ಮುದ್ರಣಗಳು ದೊರೆಯುತ್ತವೆ. ಆದರೆ ಮಕ್ಕಳಿಗಾಗಿ ಸಂಗ್ರಹಿಸಿದುವೆಂಬ ಪ್ರತಿಗಳನ್ನು ಕೊಳ್ಳಬಾರದು. ಭಯವೆಂಬುದು ನಿಧಾನವಾಗಿ ಕಾಯುವ ಪಾಕ. ಸಂಗ್ರಹಕಾರನು ಮೊದಲು ಕತ್ತರಿಸುವುದು ಆ ನಿಧಾನವನ್ನೇ.

ಇನ್ನೊಂದು ಮಾತನ್ನು ಮೃದುವಾಗಿಯೇ ಹೇಳಬೇಕು. ಮಗುವನ್ನು ಕಳೆದುಕೊಂಡ ದುಃಖವು ಹಸಿಯಾಗಿರುವವರು ಕಿಂಗನ ‘ಪೆಟ್ ಸೆಮಟರಿ’ (೧೯೮೩) ಎಂಬುದನ್ನು ಮುಟ್ಟಬಾರದು. ಸತ್ತುದನ್ನು ಮರಳಿ ಪಡೆಯಬೇಕೆಂಬ ತಂದೆಯೊಬ್ಬನ ಆಸೆಯ ಕಥೆಯದು. ಅದು ತನ್ನ ಶಕ್ತಿಯಿಂದಲೇ ಅಂಥವರಿಗೆ ಕ್ರೂರವಾದೀತು. ಪುಸ್ತಕದ ಗುಣ ಬೇರೆ, ಓದುವವನ ಸಮಯ ಬೇರೆ. ವೈದ್ಯನು ಒಳ್ಳೆಯ ಮದ್ದನ್ನೂ ಕಾಲವರಿತೇ ಕೊಡುತ್ತಾನಷ್ಟೆ.

ಹುಸಿಯಾದ ಭಯವು ವಿನೋದಕ್ಕೆ, ಹೊರಗಿನ ಭಯವು ಉಲ್ಲಾಸಕ್ಕೆ, ಅಪರಾಧದ ಭಯವು ಆತ್ಮಪರೀಕ್ಷೆಗೆ ಎಂದು ತಿಳಿದು ವಾಚಕರು ತಮ್ಮ ತಮ್ಮ ಅಭಿರುಚಿಗೂ ಅವಕಾಶಕ್ಕೂ ತಕ್ಕಂತೆ ಆರಿಸಿಕೊಳ್ಳಲಿ. ವರ್ಷಕ್ಕೆ ಒಂದೇ ಭಯಾನಕ ಕಾದಂಬರಿಯನ್ನು ಕೊಳ್ಳುವ ಶಕ್ತಿಯುಳ್ಳವರು ಮಾತ್ರ ಮೂರನೆಯ ಪಾಲಿನಿಂದಲೇ ಅದನ್ನು ತೆಗೆದುಕೊಳ್ಳಬೇಕೆಂದು ಸೂಚಿಸಿ, ಈ ಲೇಖನವನ್ನು ಇಲ್ಲಿಗೆ ಮುಗಿಸುತ್ತೇವೆ.